ಬಾರದವರ ಹೆಸರು

ಮೊನ್ನೆ ಸಂಜೆ ನಮ್ಮ ಹಳೆಯ ಕ್ರೈಸ್ತ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಅಯ್ಯನವರ ಫೋಟೊ ಬಂತು. ಯಾರದೋ ಮದುವೆಯ ಗುಂಪು ಚಿತ್ರದಿಂದ ಕತ್ತರಿಸಿದ ಫೋಟೊ. ಅವರ ಹೆಗಲ ಮೇಲೆ ಇನ್ನೊಬ್ಬರ ಕೈ ಹಾಗೆಯೇ ಉಳಿದಿತ್ತು. ಕೆಳಗೆ ಬರೆದಿದ್ದರು: "ಸದಾ ಹಸನ್ಮುಖಿ, ಅನೇಕ ಸಭೆಗಳನ್ನು ಕಟ್ಟಿ ಬೆಳೆಸಿದ ನಮ್ಮ ನಿವೃತ್ತ ಸಭಾಪಾಲಕರು ಕರ್ತನಲ್ಲಿ ನಿದ್ರೆ ಹೋದರು." ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು.

ನಾನು ಕನ್ನಡ ಟೀಚರ್ ಆಗಿ ನಿವೃತ್ತಳಾದವಳು. ಕೈಯಲ್ಲಿ ಕೆಂಪು ಪೆನ್ನು ಇಲ್ಲದಿದ್ದರೂ ತಪ್ಪು ಕಂಡರೆ ಬೆರಳು ತುರಿಸುತ್ತದೆ. ಆ ಒಂದು ವಾಕ್ಯದಲ್ಲಿ ಎರಡು ಸುಳ್ಳುಗಳಿದ್ದವು. ಅವರು ಹಸನ್ಮುಖಿ ಆಗಿರಲಿಲ್ಲ. ನಗು ಬಂದರೂ ಅದು ಮೂಗಿನವರೆಗೆ ಬಂದು ವಾಪಸ್ಸು ಹೋಗುತ್ತಿತ್ತು. ಮತ್ತೆ, ಅವರು ಯಾವ ಸಭೆಯನ್ನೂ ಕಟ್ಟಲಿಲ್ಲ. ಇದ್ದ ಒಂದನ್ನು ಉಳಿಸಲಿಕ್ಕೆ ಒದ್ದಾಡಿದರು, ಆಗಲಿಲ್ಲ. ಅದನ್ನು ಮುಚ್ಚುವ ಮಾತನ್ನು ಅವರ ಬಾಯಿಂದಲೇ ಹೇಳಬೇಕಾಯಿತು. ಆ ಒಂದು ಸಭೆ ನಮ್ಮದು.

ಮಿಶನ್ ಕಾಲದ ನಮ್ಮ ಸಭೆಗಳಲ್ಲಿ ಪಾದ್ರಿಯನ್ನು ಅಯ್ಯನವರು ಅನ್ನುತ್ತೇವೆ. ತುಳುವಿನಲ್ಲಿ ಅಯ್ಯೆರ್. ಕಥೋಲಿಕರ ಫಾದರ್ ಬೇರೆ, ನಮ್ಮ ಅಯ್ಯನವರು ಬೇರೆ. ಫಾದರಿಗೆ ಒಂದು ಇಗರ್ಜಿ, ಅದರ ಪಕ್ಕದಲ್ಲೇ ಮನೆ, ಅಡುಗೆಗೆ ಜನ. ನಮ್ಮ ಅಯ್ಯನವರಿಗೆ ಮೂರು ಊರು, ಒಂದು ಚೀಲ, ಮನೆಯಲ್ಲಿ ಹೆಂಡತಿ. ಆದಿತ್ಯವಾರ ಬೆಳಿಗ್ಗೆ ಮೂಡುಬಿದಿರೆಯಲ್ಲಿ ಮೊದಲ ಆರಾಧನೆ. ಅಲ್ಲಿ ಬೆಂಚು ತುಂಬುವಷ್ಟು ಜನ ಇದ್ದರು. ಅದು ಮುಗಿದ ಕೂಡಲೇ ಸಿದ್ಧಕಟ್ಟೆ ದಾರಿಯಲ್ಲಿ ಬಂಟ್ವಾಳಕ್ಕೆ ಬಂದು ಎರಡನೆಯದು. ಅಲ್ಲಿಂದ ಧರ್ಮಸ್ಥಳದ ಬಸ್ಸು ಹಿಡಿದು, ಪುಂಜಾಲಕಟ್ಟೆ ದಾಟಿ, ಒಳದಾರಿಯಲ್ಲಿರುವ ನಮ್ಮ ಊರಿಗೆ ಬಂದು ನಾಲ್ಕು ಗಂಟೆಗೆ ಮೂರನೆಯದು. ರಾತ್ರಿ ವೇಣೂರಿನ ಮೇಲಾಗಿ ವಾಪಸ್ಸು ಮೂಡುಬಿದಿರೆ. ವಾರದ ಉಳಿದ ದಿನಗಳಲ್ಲಿ ಆಸ್ಪತ್ರೆ, ಮಹಿಳಾ ಕೂಟ, ಮನೆ ಭೇಟಿ, ಯಾರಾದರೂ ಸತ್ತರೆ ಮಣ್ಣು. ಗುರುವಾರ ಮಾತ್ರ ನಮ್ಮ ಕಡೆಗೆ ಮೀಸಲು.

ಮೂರೂ ಕಡೆ ಪ್ರಸಂಗ, ಅಂದರೆ ವೇದದ ಬೋಧನೆ, ಒಂದೇ. ಬೆಳಿಗ್ಗೆ ಹೊಸದಾಗಿ ಕುದಿಸಿದ್ದು ನಮ್ಮಲ್ಲಿಗೆ ಬರುವಾಗ ಮೂರನೇ ನೀರು ಹಾಕಿದ ಚಹಾದಂತೆ ಆಗಿರುತ್ತಿತ್ತು. ಸ್ವರವೂ ಕೆಟ್ಟಿರುತ್ತಿತ್ತು. ಹಾಡನ್ನು ಎತ್ತರದಲ್ಲಿ ಶುರುಮಾಡಿ ಎರಡನೇ ಚರಣದಲ್ಲಿ ನಮ್ಮನ್ನು ಒಬ್ಬೊಬ್ಬರನ್ನೇ ಕೈಬಿಟ್ಟು, ಕೊನೆಗೆ ತಾವೂ ಕೈಬಿಡುತ್ತಿದ್ದರು. ಬಂದ ಹೊಸತರಲ್ಲಿ ಒಮ್ಮೆ ಪ್ರಸಂಗದ ಮಧ್ಯೆ ಹಾಗೇ ನಿಂತರು. ಕನ್ನಡಕ ತೆಗೆದು ಒರೆಸಿ, "ಇದನ್ನು ಬೆಳಿಗ್ಗೆ ಮೂಡುಬಿದಿರೆಯಲ್ಲಿ ಹೇಳುವಾಗ ನನಗೇ ನಂಬಿಕೆ ಇತ್ತು ಮಾರಾಯ್ರೆ" ಅಂದರು. ನಾವೆಲ್ಲ ನಕ್ಕೆವು. ಆಗ ನಗುವಷ್ಟು ಜನ ಇದ್ದೆವು.

ನನಗೆ ಮೊದಲು ಅವರ ಮೇಲೆ ಸಿಟ್ಟು. ಅವರ ಕನ್ನಡ ಹಳೆಯ ಮಿಶನ್ ಶಾಲೆಯ ಕನ್ನಡ, ಇಸ್ತ್ರಿ ಹಾಕಿ ಗಡಸಾದದ್ದು. "ಆದಕಾರಣ" ಇಲ್ಲದೆ ಒಂದು ವಾಕ್ಯ ಮುಗಿಯುತ್ತಿರಲಿಲ್ಲ. ಮನೆಗೆ ಬಂದರೂ ಹಾಗೆಯೇ. "ಟೀಚರೇ, ಬಸ್ಸು ತಪ್ಪಿತು, ಆದಕಾರಣ ತಡವಾಯ್ತು." ಕೂತುಕೊಳ್ಳಿ ಅಂತ ಮೂರು ಸಲ ಹೇಳದೆ ಕೂರುವವರಲ್ಲ. ಕೂತರೆ ಕುರ್ಚಿಯ ತುದಿಯಲ್ಲಿ, ಯಾವಾಗ ಬೇಕಾದರೂ ಏಳಿಸಿಯಾರು ಅನ್ನುವ ಹಾಗೆ. ಸಕ್ಕರೆ ಕಾಯಿಲೆ ಇತ್ತು. ಆದರೂ ಕೊಟ್ಟ ಮನೆಯಲ್ಲೆಲ್ಲ ಚಹಾ ಕುಡಿಯುತ್ತಿದ್ದರು. ಬೇಡ ಅನ್ನಿ ಅಂದರೆ, "ಒಂದು ಮನೆಯಲ್ಲಿ ಬೇಡ ಅಂದರೆ ಇನ್ನೊಂದು ಮನೆಯಲ್ಲಿ ಕುಡಿದದ್ದು ಸುದ್ದಿ ಆಗ್ತದೆ ಟೀಚರೇ" ಅನ್ನುತ್ತಿದ್ದರು. ಊರಿನ ಮರ್ಮ ಗೊತ್ತಿದ್ದ ಮನುಷ್ಯ. ಇಷ್ಟು ಗೊತ್ತಿದ್ದವರಿಗೆ ಇನ್ನೊಂದು ಯಾಕೆ ಗೊತ್ತಾಗಲಿಲ್ಲ ಅಂತ ನಾನು ಈಗಲೂ ತಲೆ ಚಚ್ಚಿಕೊಳ್ಳುತ್ತೇನೆ.

ಆ ಇನ್ನೊಂದು ಅಂದರೆ ಹೆಸರು ಹೇಳುವ ಚಟ.

ಪ್ರಸಂಗ ಮುಗಿದ ಮೇಲೆ ದೊಡ್ಡ ಪ್ರಾರ್ಥನೆ ಇರುತ್ತದೆ. ದೇಶಕ್ಕಾಗಿ, ಮಳೆ ಬೆಳೆಗಾಗಿ, ರೋಗಿಗಳಿಗಾಗಿ. ನಮ್ಮ ಅಯ್ಯನವರು ಅದರ ಕೊನೆಗೆ ತಮ್ಮದೇ ಒಂದು ಬಾಲ ಸೇರಿಸಿದ್ದರು: "ಈ ಹೊತ್ತು ಇಲ್ಲಿಗೆ ಬಾರದವರಿಗಾಗಿ." ಆಮೇಲೆ ಒಬ್ಬೊಬ್ಬರ ಹೆಸರು ಹಿಡಿದು ದೇವರ ಮುಂದೆ ನಿಲ್ಲಿಸುವುದು. ಕಣ್ಣು ಮುಚ್ಚಿಕೊಂಡೇ, ಯಾವ ಬೆಂಚಿನ ಯಾವ ತುದಿ ಖಾಲಿ ಅಂತ ಅವರಿಗೆ ಗೊತ್ತಿರುತ್ತಿತ್ತು. "ಮೇಲಿನ ಮನೆಯ ಬೆನ್ನಪ್ಪ, ನೀನು ಬಲ್ಲೆ ಕರ್ತನೇ, ಅವನ ಕಾಲು ಗುಣವಾಗಿ ಬಹಳ ದಿನವಾಯ್ತು, ಆದಕಾರಣ ಅವನ ಮನಸ್ಸನ್ನೂ ಗುಣಪಡಿಸು." ಕಾಲುನೋವಿನ ನೆಪ ಹೇಳಿ ತಪ್ಪಿಸಿಕೊಂಡಿದ್ದ ಬೆನ್ನಪ್ಪನ ಬಂಡವಾಳ ಹೀಗೆ ದೇವರ ಎದುರೇ ಬಯಲಾಗುತ್ತಿತ್ತು.

ದೇವರ ಎದುರು ಮಾತ್ರ ಆಗಿದ್ದರೆ ಸರಿ. ನಮ್ಮ ದೇವಾಲಯದ ಗೋಡೆಗೆ ತಾಗಿಕೊಂಡೇ ಬಸ್ ಸ್ಟ್ಯಾಂಡು. ಸೆಕೆಗೆ ಕಿಟಕಿ ತೆರೆದಿಡದೆ ಉಪಾಯವಿಲ್ಲ. ಐದು ಗಂಟೆಯ ಬಸ್ಸಿಗೆ ಕಾಯುವವರಿಗೆಲ್ಲ ನಮ್ಮ ಸಭೆಯ ಗೈರುಹಾಜರಿ ಬಾಯಿಪಾಠ. ಎದುರಿನ ಅಂಗಡಿಯ ಹಂಝ ನಾನು ಬ್ರೆಡ್ಡಿಗೆ ಹೋದಾಗ ಕೇಳುತ್ತಿದ್ದ, "ಟೀಚರೇ, ಇವತ್ತು ಹೊಸ ಹೆಸರು ಒಂದು ಸೇರಿದೆ ಅಲ್ವಾ? ಆ ಬೆನ್ನಪ್ಪಣ್ಣನಿಗೆ ಕಾಲು ಗುಣ ಆಗಿದೆಯಂತಲ್ಲ, ನನ್ನ ಬಾಕಿ ಕೇಳ್ಬಹುದು ಇನ್ನು!"

ಹೆಸರು ಕೇಳಿ ಜನ ನಾಚಿ ಮುಂದಿನ ವಾರ ಬಂದಾರು ಅಂತ ಅಯ್ಯನವರ ಲೆಕ್ಕ. ನಮ್ಮೂರಿನವರು ನಾಚುವ ಜಾತಿಯಲ್ಲ, ಸಿಟ್ಟಾಗುವ ಜಾತಿ. ಒಂದು ವಾರ ಜ್ವರ ಬಂದು ತಪ್ಪಿಸಿದವನು ಹೆಸರು ಬಂತು ಅಂತ ಮುನಿಸಿಕೊಂಡು ಒಂದು ತಿಂಗಳು ತಪ್ಪಿಸಿದ. ಒಂದು ತಿಂಗಳು ತಪ್ಪಿಸಿದವನು ಪೂರ್ತಿ ಬಿಟ್ಟ. ಹೋದರೆ ಕಾಣಿಕೆ, ಹೋಗದಿದ್ದರೆ ಹೆಸರು, ಯಾರಿಗೆ ಬೇಕು ಈ ಉಪದ್ರ ಅಂತ ಬೆನ್ನಪ್ಪನೇ ಹಂಝನ ಅಂಗಡಿಯಲ್ಲಿ ಹೇಳಿದನಂತೆ. ಅವನಾಗಲೇ ಪೇಟೆಯ ಹೊಸ ಪ್ರಾರ್ಥನಾ ಮಂದಿರಕ್ಕೆ ಹೋಗಲು ಶುರುಮಾಡಿದ್ದ. ಅಲ್ಲಿ ಕೀಬೋರ್ಡು, ಡ್ರಮ್ಮು, ಮೇಲಾಗಿ ಅಲ್ಲಿ ಯಾರು ಬಂದರು ಯಾರು ಬಿಟ್ಟರು ಕೇಳುವವರಿಲ್ಲ. ವರ್ಷ ಕಳೆದ ಹಾಗೆ ನಮ್ಮಲ್ಲಿ ಆರಾಧನೆ ಗಿಡ್ಡವಾಯಿತು, ಬಾರದವರ ಪ್ರಾರ್ಥನೆ ಉದ್ದವಾಯಿತು.

ಇದನ್ನು ಅವರ ಮುಖಕ್ಕೇ ಹೇಳಿದವನು ಸತೀಶ.

ಸತೀಶ ನಮ್ಮ ಸಭೆಯ ಹಳೆಯ ತಲೆ ಸುಗಂಧಿಯಕ್ಕನ ಮಗ. ಮಡಂತ್ಯಾರಿನಲ್ಲಿ ಶಾಮಿಯಾನದ ಅಂಗಡಿ. ಮದುವೆ, ಗೃಹಪ್ರವೇಶ, ಯಕ್ಷಗಾನ ಎಲ್ಲದಕ್ಕೂ ಕುರ್ಚಿ, ಪೆಂಡಾಲು, ಮೈಕು ಅವನದೇ. ಆದಿತ್ಯವಾರ ಅಂದರೆ ಅವನಿಗೆ ಉಸಿರಾಡಲು ಪುರುಸೊತ್ತಿಲ್ಲ. ಅವನ ಹೆಸರು ಪ್ರತಿ ವಾರ ಬರುತ್ತಿತ್ತು, ಅದೂ ಮೊದಲನೆಯದಾಗಿ. ಏಕೆಂದರೆ ಅವನ ತಾಯಿ ಮೊದಲ ಬೆಂಚಿನಲ್ಲಿ ಕೂತಿರುತ್ತಿದ್ದರು. ಒಂದು ಗುರುವಾರ ನಾನು ಸುಗಂಧಿಯಕ್ಕನ ಮನೆಯಲ್ಲಿ ಇದ್ದಾಗಲೇ ಅಯ್ಯನವರು ಬಂದರು. ಸತೀಶ ಜಗಲಿಯಲ್ಲಿ ಕೂತು ವೈರು ಸುತ್ತುತ್ತಿದ್ದ.

"ಅಯ್ಯನವರೇ, ನೀವು ಬಂದದ್ದು ಒಳ್ಳೆದಾಯ್ತು. ನನ್ನ ಹೆಸರು ಬಿಡಿ ಇನ್ನು."

"ಬಿಡುವುದು ಅಂದರೆ?"

"ಪ್ರಾರ್ಥನೆಯಲ್ಲಿ ಹೇಳ್ಬೇಡಿ. ನನಗೆ ಪೇಟೆಯಲ್ಲಿ ಒಂದು ಮರ್ಯಾದೆ ಉಂಟು. ನಿನ್ನೆ ಪಾರ್ಟಿ ಒಬ್ಬರು ಅಡ್ವಾನ್ಸ್ ಕೊಡುವಾಗ ಕೇಳ್ತಾರೆ, 'ಏನಾ ಸತೀಶ, ನಿನ್ನನ್ನು ಅಯ್ಯೆರ್ ದಿಕ್ಕು ತಪ್ಪಿದ ಕುರಿ ಅಂದರಂತೆ' ಅಂತ. ಕುರ್ಚಿ ಹಾಕಿ ಬದುಕುವವ ನಾನು. ನನ್ನನ್ನು ಯಾಕೆ ಕುರಿ ಮಾಡ್ತೀರಿ?"

ಸುಗಂಧಿಯಕ್ಕ ಒಳಗಿನಿಂದ ಓಡಿ ಬಂದು, "ಏ, ಅಯ್ಯೆರೊಟ್ಟಿಗೆ ಹಾಗೆಲ್ಲ ಮಾತಾಡ್ತಾರನಾ?" ಅಂತ ಮಗನ ಬೆನ್ನಿಗೆ ಒಂದು ಬಿಟ್ಟರು. ಮೀಸೆ ಬೆಳ್ಳಗಾಗುತ್ತಿದ್ದ ಗಂಡಸು ಪೆಟ್ಟು ತಿಂದು ಮತ್ತೆ ವೈರು ಸುತ್ತತೊಡಗಿದ. ಅಯ್ಯನವರು ಕುರ್ಚಿಯ ತುದಿಯಲ್ಲಿ ಕೂತೇ ಇದ್ದರು. ಚೀಲವನ್ನು ಮಡಿಲಿಗೆ ಎಳೆದುಕೊಂಡು ಹೇಳಿದರು, "ನನಗೆ ಬೇರೆ ಏನೂ ಬರುವುದಿಲ್ಲ ಸತೀಶ. ಸ್ವರ ಇಲ್ಲ, ಪ್ರಸಂಗ ಮೂರನೇ ಊರಿಗೆ ಬರುವಾಗ ಹಳಸಿರ್ತದೆ. ನಿಮ್ಮ ಹೆಸರು ಒಂದು ಮರೆಯದೆ ಹೇಳ್ತೇನೆ. ಅದನ್ನೂ ಬಿಟ್ಟರೆ ನಾನು ಅಷ್ಟು ದೂರದಿಂದ ಬರುವುದು ಯಾಕೆ?"

ಆ ಗುರುವಾರ ಬಸ್ಸಿನವರೆಗೆ ಕಳಿಸಲು ಹೋದಾಗ ನಾನೂ ಹೇಳಿದೆ. "ಅಯ್ಯನವರೇ, ಸತೀಶ ಹೇಳಿದ್ದು ಸುಳ್ಳಲ್ಲ. ನಿಮ್ಮ ಹೆಸರಿನ ಕಾಟಕ್ಕೇ ಜನ ಬರುವುದು ಕಡಿಮೆ ಆದದ್ದು. ಒಂದೆರಡು ವಾರ ಬಿಟ್ಟು ನೋಡಿ." ಬಸ್ಸು ಬಂತು, ಹತ್ತಿದರು. ಘಟ್ಟದ ಮೇಲಿನ ಯಾತ್ರಿಕರು ತುಂಬಿದ್ದ ಬಸ್ಸು. ಆ ಬಸ್ಸುಗಳಲ್ಲಿ ಅವರಿಗೆ ಇನ್ನೊಂದು ತಮಾಷೆ ಆಗುತ್ತಿತ್ತು. ಅವರ ಬಿಳಿ ನಿಲುವಂಗಿಯ ತೋಳು ಚೀಲದಿಂದ ಹೊರಗೆ ಇಣುಕುವುದನ್ನು ಕಂಡು ಹಾಸನದ ಕಡೆಯ ಅಜ್ಜಿಯೊಬ್ಬಳು ಡಾಕ್ಟರ್ ಅಂದುಕೊಂಡು ಮೊಣಕಾಲು ತೋರಿಸಿದಳಂತೆ. "ಡಾಕ್ಟರ್ ಅಲ್ಲಮ್ಮ ನಾನು, ಆಗಿದ್ದರೆ ಜನ ತಾವಾಗಿಯೇ ಬರ್ತಿದ್ದರು" ಅಂದೆ ಅಂತ ನನಗೆ ಆಮೇಲೆ ಹೇಳಿದ್ದರು. ಮೂಗಿನವರೆಗೆ ಬಂದು ವಾಪಸ್ಸಾಗುವ ಆ ನಗುವನ್ನು ನಾನು ಸರಿಯಾಗಿ ನೋಡಿದ್ದು ಆಗ.

ಮುಂದಿನ ಆದಿತ್ಯವಾರ ಅವರು ನನ್ನ ಮಾತು ನಡೆಸಿಕೊಟ್ಟರು. ದೇಶ ಆಯಿತು, ಮಳೆ ಬೆಳೆ ಆಯಿತು, ರೋಗಿಗಳು ಆದರು. "ಈ ಹೊತ್ತು ಇಲ್ಲಿಗೆ ಬಾರದವರಿಗಾಗಿ" ಅಂದರು. ನಿಂತರು. ಕಿಟಕಿಯ ಹೊರಗೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು. "ಆಮೆನ್" ಅಂದರು. ಮುಗಿಯಿತು. ನನಗೆ ಒಳಗೊಳಗೇ ಗೆದ್ದ ಹಾಗಾಯಿತು. ಆದರೆ ಹೊರಗೆ ಬರುವಾಗ ಸುಗಂಧಿಯಕ್ಕ ಮೆಟ್ಟಿಲಲ್ಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. "ಅಯ್ಯೆರೆ, ನನ್ನ ಮಗನನ್ನು ಬಿಟ್ಟೇ ಬಿಟ್ಟಿರಾ? ಅವ ಇನ್ನು ಬರುವುದಿಲ್ಲ ಅಂತ ನಿಮಗೆ ಗೊತ್ತಾಯ್ತಾ? ನೀವು ಹೆಸರು ಹೇಳುವಾಗ ವಾರಕ್ಕೆ ಒಂದು ಸಲವಾದರೂ ಅವ ಒಳಗೆ ಬಂದು ಹೋದ ಹಾಗೆ ಆಗ್ತಿತ್ತು ನನಗೆ."

ಅಯ್ಯನವರು ನನ್ನ ಮುಖ ನೋಡಿದರು. ಮರುವಾರದಿಂದ ಹೆಸರುಗಳು ವಾಪಸ್ಸು ಬಂದವು. ಹೇಳಿದರೆ ಮಗ ದೂರ, ಹೇಳದಿದ್ದರೆ ತಾಯಿಗೆ ಸಂಕಟ. ಇಂಥ ಕಡೆ ಯಾವ ಪ್ರಸಂಗ, ಯಾವ ಪಾಂಡಿತ್ಯ ಉಪಯೋಗಕ್ಕೆ ಬರುತ್ತದೆ? ಅವರು ಉಳಿಸಲು ಹಿಡಿದ ಹಗ್ಗವೇ ಸಭೆಯ ಕುತ್ತಿಗೆಗೆ ಸುತ್ತಿತ್ತು. ಅದು ಅವರಿಗೂ ಗೊತ್ತಿತ್ತು ಅಂತ ನನ್ನ ಬಲವಾದ ಗುಮಾನಿ.

ಆಮೇಲೆ ಮಂಗಳೂರಿನ ಕಚೇರಿಯಿಂದ ಮಾತು ಬಂತು. ಜನ ಕಡಿಮೆಯಾದ ಸಣ್ಣ ಸಭೆಗಳನ್ನು ಹತ್ತಿರದ ದೊಡ್ಡ ಸಭೆಗೆ ಸೇರಿಸುವುದು. ನಮ್ಮನ್ನು ಬೆಳ್ತಂಗಡಿ ಕಡೆಗೆ. ಹೇಳುವವರಿಗೆ ಹತ್ತಿರ. ಸುಗಂಧಿಯಕ್ಕನ ಮೊಣಕಾಲಿಗೆ ಎರಡು ಬಸ್ಸು, ಒಂದು ಏರು. "ನಾನು ಮನೆಯಲ್ಲೇ ಕೂತು ಪ್ರಾರ್ಥನೆ ಮಾಡ್ತೇನೆ ಟೀಚರೇ" ಅಂದರು ಅವರು. "ಆದರೆ ನನ್ನ ಮಗನ ಹೆಸರು ಹೇಳುವವರು ಯಾರು?"

ಅಯ್ಯನವರು ಆ ವಾರ ಗುರುವಾರದ ಭೇಟಿ ಬಿಟ್ಟು ಮಂಗಳೂರಿಗೆ ಹೋದರು. ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು, ನಮ್ಮ ಪರವಾಗಿ ಕೇಳಿಕೊಳ್ಳಲು. ಅವರಿಗೆ ನಿವೃತ್ತಿ ಹತ್ತಿರ ಬಂದಿತ್ತು. "ನಾನು ಇರುವಷ್ಟು ದಿನವಾದರೂ ಬಿಡಿ, ನಾಲ್ಕು ಗಂಟೆಯ ಆರಾಧನೆಗೆ ನನಗೆ ಏನೂ ಕೊಡುವುದು ಬೇಡ, ನನ್ನ ಖರ್ಚಿನಲ್ಲೇ ಬಸ್ಸಿನಲ್ಲಿ ಹೋಗಿ ಬರ್ತೇನೆ" ಅಂತ ಹೇಳುವುದು ಅಂತ ತೀರ್ಮಾನಿಸಿಕೊಂಡು ಹೋಗಿದ್ದರು. ವಾಪಸ್ಸು ಬರುವಾಗ ಮೂಡುಬಿದಿರೆಗೆ ಹೋಗದೆ ಸೀದಾ ನಮ್ಮ ಮನೆಗೆ ಬಂದರು. ನಾನು ಕೂತುಕೊಳ್ಳಿ ಅನ್ನುವ ಮೊದಲೇ ಕೂತರು.

"ಏನಾಯ್ತು ಅಯ್ಯನವರೇ?"

"ಬಹಳ ಗೌರವದಿಂದ ಮಾತಾಡಿಸಿದರು ಟೀಚರೇ. ಎದ್ದು ನಿಂತು ಕುರ್ಚಿ ಕೊಟ್ಟರು. ಚಹಾ, ಬಿಸ್ಕತ್ತು. 'ನೀವು ಹಿರಿಯರು, ನೀವು ಇಷ್ಟು ವರ್ಷ ದುಡಿದಿದ್ದೀರಿ, ನೀವು ಹೇಳಿದ ಮೇಲೆ ಆಲೋಚನೆ ಮಾಡದೆ ಇರುವುದುಂಟಾ' ಅಂದರು."

"ಹಾಗಾದರೆ ಆಗಬಹುದು ಅಲ್ವಾ?"

"ಆಗುವುದಿಲ್ಲ" ಅಂದರು ಅವರು. "ಕೆಲಸ ಆಗುವುದಿದ್ದರೆ ಒಂದು ಬೈಗುಳವಾದರೂ ಇರ್ತಿತ್ತು. ಅಷ್ಟು ಮರ್ಯಾದೆ ಕೊಟ್ಟರೆ ಬಾಗಿಲು ಹಾಕಿದ ಹಾಗೆ."

ಚಹಾಕ್ಕೆ ಸಕ್ಕರೆ ಹಾಕಬೇಡಿ ಅಂತ ಅವತ್ತು ಮೊದಲ ಸಲ ಹೇಳಿದರು. ಇನ್ನು ಯಾವ ಮನೆಯ ಸುದ್ದಿಗೂ ಹೆದರಬೇಕಾಗಿಲ್ಲ ಅನ್ನುವ ಹಾಗಿತ್ತು ಆ ಮಾತು.

ಅದರ ಮುಂದಿನ ಆದಿತ್ಯವಾರ ನಾನು ಗಮನಿಸಿದ್ದು ಒಂದು ಸಣ್ಣ ಸಂಗತಿ. ಟೀಚರ್ ಅಲ್ಲದವರು ಗಮನಿಸುತ್ತಿರಲಿಲ್ಲವೋ ಏನೋ. ನಮ್ಮ ಕನ್ನಡದಲ್ಲಿ ದೇವರಿಗೆ ನೀನು ಅನ್ನುತ್ತೇವೆ. ಊರಿನಲ್ಲಿ ಕಂಡಕ್ಟರಿಗೂ ನೀವು, ಮೀನಿನವಳಿಗೂ ನೀವು. ನೀನು ಅಂದರೆ ಹೊಡೆತ ಬಿದ್ದೀತು. ಆದರೆ ಅಮ್ಮನಿಗೆ, ಮಕ್ಕಳಿಗೆ, ದೇವರಿಗೆ ನೀನು. ಸಲಿಗೆ ಇರುವಲ್ಲಿ ಗೌರವದ ಹಂಗಿಲ್ಲ. ಅಯ್ಯನವರು ಪ್ರಾರ್ಥನೆಯಲ್ಲಿ "ನೀನು ಬಲ್ಲೆ ಕರ್ತನೇ" ಅನ್ನುವಾಗ ಪಕ್ಕದ ಮನೆಯವನನ್ನು ಬೇಲಿಯ ಮೇಲಿಂದ ಕರೆದ ಹಾಗೆ ಇರುತ್ತಿತ್ತು. ಆ ದಿನ ಮಾತ್ರ ಅವರು ಕಣ್ಣು ಮುಚ್ಚಿ, "ಕರ್ತರೇ, ತಮಗೆ ತಿಳಿದಿರಬಹುದು" ಅಂದರು. ನಾನು ಬಾಯಿ ತಪ್ಪಿದ್ದು ಅಂದುಕೊಂಡೆ. ಆಮೇಲೆ ಇನ್ನೊಂದು ಸಲ: "ನೀವು ದಯಮಾಡಿ ಇವರನ್ನು ನೆನಪಿನಲ್ಲಿಡಿ." ಆಮೇಲೆ ಪ್ರಾರ್ಥನೆ ಉದ್ದಕ್ಕೂ ನೀವು, ನಿಮ್ಮ, ನಿಮಗೆ. ಅರ್ಜಿ ಓದಿದ ಹಾಗಿತ್ತು.

ನನ್ನ ಬಾಯಿ ಸುಮ್ಮನಿರುವುದಲ್ಲ. ಬಸ್ಸಿಗೆ ನಿಂತಾಗ ಕೇಳಿಯೇಬಿಟ್ಟೆ. "ಅಯ್ಯನವರೇ, ಇವತ್ತು ದೇವರಿಗೆ ನೀವು ಅಂದಿರಲ್ಲ?"

ತಿದ್ದಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ರಸ್ತೆಯ ಕಡೆಗೆ ನೋಡುತ್ತಾ, "ಹೌದು ಟೀಚರೇ. ಇಷ್ಟು ವರ್ಷ ಪರಿಚಯ ಉಂಟು ಅಂತ ಸಲಿಗೆಯಲ್ಲಿ ಮಾತಾಡಿದೆ. ಪರಿಚಯ ಸಾಲದು ಅಂತ ಕಾಣ್ತದೆ" ಅಂದರು.

ಅಯ್ಯೋ, ಆ ಮಾತನ್ನು ನಾನು ಕೇಳಬಾರದಿತ್ತು. ದೇವರ ಮೇಲೆ ಸಿಟ್ಟಾದವರನ್ನು ನೋಡಿದ್ದೇನೆ, ಜಗಳವಾಡಿದವರನ್ನು ನೋಡಿದ್ದೇನೆ, ನಾನೇ ಆಡಿದ್ದೇನೆ. ಜಗಳಕ್ಕೂ ನೀನು ಬೇಕು. ಇವರು ಜಗಳವನ್ನೂ ಬಿಟ್ಟಿದ್ದರು. ಮರುದಿನ ಬೆಳಿಗ್ಗೆ ಅದೇ ಚೀಲ ಹಿಡಿದು ಬಂಟ್ವಾಳದ ಯಾವುದೋ ಆಸ್ಪತ್ರೆಗೆ ಹೋಗಿ ಯಾರದೋ ತಲೆಯ ಮೇಲೆ ಕೈಯಿಟ್ಟು ಅದೇ ದೇವರನ್ನು ಕೇಳಿಕೊಂಡರು ಅಂತ ಆಮೇಲೆ ಗೊತ್ತಾಯಿತು. ನಂಬಿಕೆ ಇರುವವರು ಮಾಡುವ ಕೆಲಸವನ್ನೆಲ್ಲ ಅವರು ಮಾಡಿದರು. ಒಂದು ವಾರವೂ ತಪ್ಪಿಸಲಿಲ್ಲ. ಮಳೆಗಾಲದಲ್ಲಿ ಪುಂಜಾಲಕಟ್ಟೆಯ ಕಡೆ ರಸ್ತೆಗೆ ಮರ ಬಿದ್ದಾಗಲೂ ನಮ್ಮಲ್ಲಿಗೆ ಬಂದರು. ಬಂದು, ನನಗೂ ಸುಗಂಧಿಯಕ್ಕನಿಗೂ ಪೂರ್ತಿ ಆರಾಧನೆ ನಡೆಸಿದರು, ಹಾಡು ಒಂದೂ ಬಿಡದೆ.

ಕೊನೆಯ ಆರಾಧನೆ ಯಾವ ಆದಿತ್ಯವಾರ ಅಂತ ಗೊತ್ತಾಯಿತು. ವಾಟ್ಸಾಪ್ ಗುಂಪು ಹುಟ್ಟಿದ್ದೇ ಆಗ. ನಮ್ಮೂರಿನ ಸಭೆಯಲ್ಲಿ ಇಷ್ಟು ಜನ ಇದ್ದರಾ ಅಂತ ನನಗೇ ಆಶ್ಚರ್ಯ. ಮಂಗಳೂರಿನವರು, ಉಡುಪಿಯವರು, ಕೊಲ್ಲಿಯಿಂದ ರಜೆಯಲ್ಲಿ ಬಂದವರು. ಆ ದಿನ ರಸ್ತೆ ಬದಿಯಲ್ಲಿ ಕಾರುಗಳ ಸಾಲು ರಬ್ಬರ್ ತೋಟದವರೆಗೆ. ಹೆಂಗಸರ ಸೀರೆಗಳೇನು, ಮಕ್ಕಳ ಸೆಲ್ಫಿಗಳೇನು. "ನಾನು ಸಭೆಗೆ ಸೇರುವ ದೃಢೀಕರಣ ತೆಗೊಂಡದ್ದು ಇದೇ ಬೆಂಚಿನ ಎದುರು" ಅಂತ ಒಬ್ಬರು, "ನಮ್ಮ ಅಜ್ಜ ಹೊತ್ತ ಕಲ್ಲಿದು" ಅಂತ ಇನ್ನೊಬ್ಬರು. ಗೋಡೆ ಸವರಿ ಅತ್ತವರೂ ಇದ್ದರು. ಇದರ ಕಾಲು ಭಾಗ ಜನ ತಿಂಗಳಿಗೆ ಒಂದು ಸಲ ಬಂದಿದ್ದರೆ ಅಳುವ ಕೆಲಸವೇ ಇರುತ್ತಿರಲಿಲ್ಲವಲ್ಲ! ಬೆನ್ನಪ್ಪನೂ ಬಂದಿದ್ದ. ಸರಾಗ ನಡೆದುಕೊಂಡೇ.

ಬೆಂಚು ಸಾಲದೆ ಸತೀಶ ಪಿಕಪ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ತಂದ. ಬಾಡಿಗೆ ಬೇಡ ಅಂದ. ಕುರ್ಚಿ ಹಾಕಿ ಹೊರಗೆ ಹೋಗುವವನನ್ನು ಸುಗಂಧಿಯಕ್ಕ ಕೈಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಅವನು ಬೆವರೊರೆಸುತ್ತಾ ಕೂತ. ಅಕ್ಕ ನನ್ನ ಕಡೆ ಬಾಗಿ ಕಿವಿಯಲ್ಲಿ ಹೇಳಿದರು, "ಟೀಚರೇ, ಇವತ್ತು ನನ್ನ ಮಗನ ಹೆಸರು ಇರ್ಲಿಕ್ಕಿಲ್ಲ ಅಲ್ವಾ?" ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಕಂಡದ್ದು ಅದೇ ಮೊದಲು. ಮುಚ್ಚುವ ದಿನ ಅನ್ನುವುದೇ ಅವರಿಗೆ ಮರೆತುಹೋಗಿತ್ತು.

ಮಂಗಳೂರಿನ ಕಚೇರಿಯಿಂದ ಹಿರಿಯರೊಬ್ಬರು ಬೀಗದ ಕೈ ತೆಗೆದುಕೊಳ್ಳಲು ಬರಬೇಕಿತ್ತು. ಅವರಿಗೆ ಮುಂದಿನ ಸಾಲಿನಲ್ಲಿ ಬಟ್ಟೆ ಹೊದಿಸಿದ ಕುರ್ಚಿ, ಒಂದು ಹಾರ, ಒಂದು ಶಾಲು. ಮೆಲ್ಕಾರಿನಲ್ಲಿ ಟ್ರಾಫಿಕ್ ಬ್ಲಾಕ್ ಆಗಿ ಸಿಕ್ಕಿಬಿದ್ದಿದ್ದಾರೆ, ನೀವು ಶುರು ಮಾಡಿ ಅಂತ ಫೋನು ಬಂತು. ಅಯ್ಯನವರು ಶುರು ಮಾಡಿದರು. ಇಷ್ಟು ಜನ ಹಾಡಿದಾಗ ಅವರ ಕೆಟ್ಟ ಸ್ವರ ಕೇಳಿಸಲೇ ಇಲ್ಲ. ಎತ್ತರದಲ್ಲಿ ಎತ್ತಿಕೊಂಡ ಹಾಡು ಕೊನೆಯ ಚರಣದವರೆಗೆ ಬೀಳದೆ ಹೋಯಿತು. ಹಂಚಿನ ಸಂದಿನಿಂದ ಧೂಳು ಉದುರಿತು. ಪ್ರಸಂಗ ಮಾಡಲಿಲ್ಲ. ಸೇರಿಸುವ ಆದೇಶವನ್ನು ಓದಿ ಹೇಳಿದರು, ಒಂದು "ಆದಕಾರಣ" ಕೂಡ ಸೇರಿಸದೆ. ಆಮೇಲೆ ಕೈ ಎತ್ತಿ, "ಪ್ರಾರ್ಥಿಸುವ" ಅಂದರು.

ದೇಶ ಆಯಿತು. ಮಳೆ ಬೆಳೆ ಆಯಿತು. ರೋಗಿಗಳು ಆದರು. "ಈ ಹೊತ್ತು ಇಲ್ಲಿಗೆ ಬಾರದವರಿಗಾಗಿ" ಅಂದರು. ಬೆಂಚುಗಳಲ್ಲಿ ಸ್ವಲ್ಪ ಸದ್ದಾಯಿತು. ಹೆಸರುಗಳಿಗೆ ಹೆದರಿ ಬಿಟ್ಟವರೆಲ್ಲ ಇವತ್ತು ಅಲ್ಲೇ ಕೂತಿದ್ದರು. ಅಯ್ಯನವರು ಕಣ್ಣು ತೆರೆದರು. ಪ್ರಾರ್ಥನೆಯ ಮಧ್ಯೆ ಅವರು ಕಣ್ಣು ತೆರೆದದ್ದನ್ನು ನಾನು ಕಂಡಿರಲಿಲ್ಲ. ಒಂದು ಬೆಂಚಿನಿಂದ ಇನ್ನೊಂದಕ್ಕೆ, ಒಬ್ಬೊಬ್ಬರ ಮುಖ ನೋಡುತ್ತಾ ಹೋದರು. ಬೆನ್ನಪ್ಪ ಇದ್ದ. ಸತೀಶ ಇದ್ದ. ಅವರು ಯಾರ್ಯಾರನ್ನು ಕರೆದಿದ್ದರೋ ಅವರೆಲ್ಲ ಬಂದಿದ್ದರು, ಬೀಗ ಹಾಕುವುದನ್ನು ನೋಡಲಿಕ್ಕೆ. ಹೇಳಲು ಒಂದು ಹೆಸರೂ ಉಳಿದಿರಲಿಲ್ಲ. ಮಗುವೊಂದು ಏನೋ ಕೇಳಿತು, ತಾಯಿ ಬಾಯಿ ಮುಚ್ಚಿಸಿದಳು. ಆಮೆನ್ ಅಂದು ಮುಗಿಸಿಬಿಡಲಿ ಅಂತ ನಾನು ಬೇಡಿಕೊಂಡೆ.

ಅವರು ಕಣ್ಣು ಮುಚ್ಚಲಿಲ್ಲ. ಯಾರೊಂದಿಗೋ ನಯವಾಗಿ ಮಾತಾಡುವ ಸ್ವರದಲ್ಲಿ ಹೇಳಿದರು:

"ನೀವೂ ಒಮ್ಮೆ ಬರಬಹುದಿತ್ತು."

ಮಂಗಳೂರಿನ ಹಿರಿಯರು ಬಂದರು ಅಂದುಕೊಂಡು ಇಡೀ ಸಭೆ ಹಿಂದಕ್ಕೆ ತಿರುಗಿ ಬಾಗಿಲು ನೋಡಿತು. ಹಾರ ಹಿಡಿದವರು ಎದ್ದೇ ನಿಂತರು. ಬಾಗಿಲು ಹಾರು ಹೊಡೆದಿತ್ತು. ಹೊರಗೆ ಬಿಸಿಲು, ಸತೀಶನ ಪಿಕಪ್ಪು. ಯಾರೂ ಇರಲಿಲ್ಲ. ಅಯ್ಯನವರು ಆ "ನೀವು" ಅಂದದ್ದು ಯಾರಿಗೆ ಅಂತ ಅಷ್ಟು ಜನರಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ, ನಾನೂ ತಿರುಗಿ ನೋಡಿದೆ.